ಬಿಲ್ಗಾರನ ಮೊಣಕೈ

ಕಾಫಿಯ ಲೋಟ ಕೈಯಿಂದ ಜಾರಿದ ದಿನವೇ ನಾನು ಎಚ್ಚೆತ್ತುಕೊಂಡಿದ್ದರೆ ಈ ನಾಲ್ಕು ಮಾತುಗಳನ್ನು ಬರೆಯುವ ಪ್ರಸಂಗವೇ ಒದಗುತ್ತಿರಲಿಲ್ಲ. ಎರಡು ಲೋಟಗಳ ನಡುವೆ ಕಾಫಿಯನ್ನು ಆರಿಸಿಕೊಳ್ಳುತ್ತಿದ್ದೆ. ಎಡಗೈಯ ಲೋಟ, ಯಾರೋ ಹಿಂದಿನಿಂದ ಬಂದು ಕಸಿದುಕೊಂಡಂತೆ, ಬೆರಳುಗಳಿಂದ ಕಳಚಿಕೊಂಡಿತು. ಕಾಫಿಯೆಲ್ಲ ಅಂದಿನ ಪತ್ರಿಕೆಯ ಮೇಲೆ ಹರಿಯಿತು. ನನ್ನಾಕೆ ಅಡುಗೆಮನೆಯಿಂದಲೇ, "ಏನ್ರೀ ಅದು ಸದ್ದು?" ಎಂದು ಕೇಳಿದಳು.

"ಲೋಟ ಬಹಳ ಬಿಸಿಯಾಗಿತ್ತು" ಎಂದೆ.

ಅದು ಅಪ್ಪಟ ಸುಳ್ಳು. ಲೋಟ ಬಿಸಿಯಾಗಿರಲಿಲ್ಲ, ಮೊಣಕೈಯ ಹೊರಮಗ್ಗುಲಿನ ಎಲುಬಿನ ಗುಬ್ಬಿಯಲ್ಲಿ ಕಾದ ಸೂಜಿಯನ್ನು ಚುಚ್ಚಿದಂತಾಗಿ ಬೆರಳುಗಳು ತಾವಾಗಿಯೇ ಸಡಿಲಗೊಂಡಿದ್ದವು. ಮನುಷ್ಯನು ಮಂದಿಯ ಚಾಡಿಮಾತಿಗೆಲ್ಲ ಕಿವಿಗೊಡುತ್ತಾನೆ, ಆದರೆ ತನ್ನ ದೇಹ ಹೇಳುವ ಮಾತಿಗೆ ಮಾತ್ರ ಕಿವುಡನಾಗಿಬಿಡುತ್ತಾನೆ. ನಾನೂ ಮನುಷ್ಯನೇ ಅಲ್ಲವೆ?

ಮೊದಲು ನನ್ನ ಪರಿಚಯವನ್ನು ಹೇಳಿಕೊಳ್ಳುವುದು ಲೇಸು. ನಾನು ಬ್ಯಾಂಕಿನ ನೌಕರ; ವಯಸ್ಸು 52. ಈ ವಯಸ್ಸಿನವರು ಸಂಜೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ತಿರುಗಾಡುವುದು ಮೈಸೂರಿನ ಶಿಷ್ಟ ಸಂಪ್ರದಾಯ. ನಾನು ಮಾತ್ರ ಬಿಲ್ಲು ಬಾಣಗಳನ್ನು ಹೊತ್ತುಕೊಂಡು ಹೋಗುವ ಪ್ರಾಣಿ. ಸ್ಕೂಟರಿನ ಹಿಂದೆ ಬತ್ತಳಿಕೆಯನ್ನು ಕಟ್ಟಿಕೊಂಡು ಹೊರಟಾಗ ನಮ್ಮ ಬೀದಿಯ ಮಕ್ಕಳು "ರಾಮ ಬಂದ, ರಾಮ ಬಂದ" ಎಂದು ಕೂಗುವುದುಂಟು. ಸೀತೆಯ ಅಭಿಪ್ರಾಯವನ್ನು ಯಾರೂ ಕೇಳಿದವರಿಲ್ಲ.

ಒಂಬತ್ತು ವರ್ಷಗಳ ಹಿಂದೆ ನಿವೃತ್ತ ಡ್ರಿಲ್ ಮೇಷ್ಟ್ರೊಬ್ಬರು ನನಗೆ ಈ ಹುಚ್ಚು ಹಿಡಿಸಿದರು. ಒಲಿಂಪಿಕ್ಸಿನಲ್ಲಿ ಕಾಣುವ ಬಿಲ್ಲು ಬೇರೆ. ಅದಕ್ಕೆ ಗುರಿ ನೋಡುವ ಕಿಂಡಿ, ಕಂಪನವನ್ನು ಹೀರಿಕೊಳ್ಳುವ ಉದ್ದನೆಯ ಕೋಲುಗಳು ಎಲ್ಲವೂ ಉಂಟು. ನಮ್ಮದು ಬಿದಿರಿನ ಬಿಲ್ಲು. ಒಂದು ಬಿದಿರಿನ ಸೀಳು, ಒಂದು ಹೆದೆ, ಹಿಡಿಯಲ್ಲಿ ಸುತ್ತಿದ ಬಟ್ಟೆ, ಇಷ್ಟೇ. ನಮ್ಮ ದೇಶದ ಪಂದ್ಯಗಳಲ್ಲಿ 'ಇಂಡಿಯನ್ ರೌಂಡ್' ಎಂಬ ವಿಭಾಗವೊಂದುಂಟು. ಅದರಲ್ಲಿ ಇಂಥ ಬಿದಿರಿನ ಬಿಲ್ಲುಗಳಿಂದಲೇ 30 ಮತ್ತು 50 ಮೀಟರುಗಳ ದೂರಕ್ಕೆ ಬಾಣ ಬಿಡುತ್ತಾರೆ. 1988, 1992 ಮತ್ತು 1996ರ ಒಲಿಂಪಿಕ್ಸುಗಳಲ್ಲಿ ಭಾರತದ ಪರವಾಗಿ ನಿಂತ ರಾಜಸ್ಥಾನದ ಲಿಂಬಾರಾಮ್ ಬಾಲ್ಯದಲ್ಲಿ ಕಾಡಿನಲ್ಲಿ ಹಿಡಿದದ್ದು ಬಿದಿರಿನ ಬಿಲ್ಲನ್ನೇ. ನನ್ನ ಬಿಲ್ಲು ಬಂದದ್ದು ವಯನಾಡಿನಿಂದ. 1802ರಲ್ಲಿ ಪನಮರಂ ಕೋಟೆಯ ಇಂಗ್ಲಿಷರ ಪಡೆಯ ಮೇಲೆ ಎರಗಿದ ತಲಕ್ಕಲ್ ಚಂದುವಿನ ಕುಲದವರಾದ ಕುರಿಚ್ಯರ ಕೈಯಲ್ಲಿ ಹದಗೊಂಡ ಬಿಲ್ಲು ಅದು. ಅಂಥ ಬಿಲ್ಲು ಬ್ಯಾಂಕಿನ ಗುಮಾಸ್ತನ ಕೈಗೆ ಬಂದುದು ಬಿಲ್ಲಿನ ಪ್ರಾರಬ್ಧವೆಂದೇ ಹೇಳಬೇಕು.

ಆ ವರ್ಷದ ಮೇ ತಿಂಗಳಿನಲ್ಲಿ ನಾನೊಂದು ತಪ್ಪು ಮಾಡಿದೆ. ಡಿಸೆಂಬರಿನಲ್ಲಿ ಒಂದು ಪಂದ್ಯವಿತ್ತು. ಜೀವಮಾನದಲ್ಲಿ ಒಮ್ಮೆಯಾದರೂ ಪದಕವೊಂದನ್ನು ಕೊರಳಿಗೆ ಹಾಕಿಕೊಂಡು ಮನೆಗೆ ಬರಬೇಕೆಂಬ ಆಸೆ ನನ್ನಲ್ಲಿ ಮೊಳೆಯಿತು. ಅದುವರೆಗೆ ನಾನು ಬಳಸುತ್ತಿದ್ದುದು 30 ಪೌಂಡು ಸೆಳೆತದ ಬಿಲ್ಲು. 50 ಮೀಟರಿಗೆ ಬಾಣ ನೇರವಾಗಿ ಹೋಗಲೆಂದು ಒಮ್ಮೆಲೇ 40 ಪೌಂಡಿನ ಈ ವಯನಾಡಿನ ಬಿಲ್ಲಿಗೆ ಹಾರಿದೆ. ಸಂಜೆಗೆ 60 ಇದ್ದ ಬಾಣಗಳ ಸಂಖ್ಯೆಯನ್ನೂ 100ಕ್ಕೆ ಏರಿಸಿದೆ. ಬ್ಯಾಂಕಿನಲ್ಲಿ ಲೆಕ್ಕ ನೋಡುವವನು ಈ ಲೆಕ್ಕವನ್ನು ನೋಡಲಿಲ್ಲ. 40 ಪೌಂಡೆಂದರೆ ಸುಮಾರು 18 ಕಿಲೋ. ನೂರು ಬಾಣಗಳಿಗೆ 18 ಕ್ವಿಂಟಲು. ಬಲಗೈ ಎಷ್ಟು ಸೆಳೆಯುತ್ತದೆಯೋ ಎಡಗೈ ಅಷ್ಟನ್ನೂ ತಳ್ಳಿ ನಿಲ್ಲಿಸಬೇಕು. ಹೆದೆ ಬಿಟ್ಟ ಕ್ಷಣದಲ್ಲಿ ಬಾಣವು ಹೊತ್ತೊಯ್ಯದೆ ಉಳಿಸಿದ ಪೆಟ್ಟು ಹಿಡಿಯ ಮೂಲಕ ಮುಂಗೈಗೆ ಬಂದು ತಾಗುತ್ತದೆ. ಕಂಪನ ನುಂಗುವ ಕೋಲುಗಳು ನಮ್ಮ ಬಿಲ್ಲಿಗೆ ಇಲ್ಲವಾದ್ದರಿಂದ ಅದನ್ನು ನುಂಗುವುದು ಮೊಣಕೈಯೇ.

ಜೂನ್ ತಿಂಗಳಲ್ಲಿ ಲೋಟ ಬಿತ್ತು. ಜುಲೈಯಲ್ಲಿ ಒದ್ದೆ ಟವೆಲನ್ನು ಹಿಂಡಲಾಗದೆ ಹಾಗೆಯೇ ಹರವಿದೆ. ಬಾಗಿಲ ಅಗಣಿ, ಉಪ್ಪಿನಕಾಯಿ ಭರಣಿಯ ಮುಚ್ಚಳ, ಸ್ಕೂಟರಿನ ಹಿಡಿ ಇವೆಲ್ಲವೂ ಒಂದೊಂದಾಗಿ ನನ್ನ ಶತ್ರುಪಕ್ಷವನ್ನು ಸೇರಿದವು.

ನೋವನ್ನು ಬಹುಕಾಲ ಮುಚ್ಚಿಡಲು ನಮ್ಮ ಮನೆಗಳಲ್ಲಿ ಸಾಧ್ಯವಿಲ್ಲ. ಕೈಯನ್ನು ನೀವಿಕೊಳ್ಳುವುದನ್ನು ಕಂಡ ಕೂಡಲೆ ಸಲಹೆಗಳ ಮಳೆ ಸುರಿಯತೊಡಗಿತು. ಎದುರುಮನೆಯವರು ಹರಳೆಣ್ಣೆ ಹಚ್ಚಿ ಎಂದರು. ಪಕ್ಕದ ಮನೆಯವರು ಉಪ್ಪಿನ ಗಂಟಿನ ಶಾಖವೇ ಮೇಲೆಂದರು. ನಮ್ಮ ಬ್ಯಾಂಕಿನ ಕಾವಲುಗಾರ, "ಇದು ವಾಯು ಸ್ವಾಮಿ, ಆಲೂಗಡ್ಡೆ ಬಿಟ್ಟುಬಿಡಿ" ಎಂದ. ಆಲೂಗಡ್ಡೆಯನ್ನು ಬಿಟ್ಟೆ, ಬಿಲ್ಲನ್ನು ಬಿಡಲಿಲ್ಲ. ಶಾಖದಿಂದ ಹಿತವಾಗುತ್ತಿದ್ದುದು ನಿಜ. ಆ ಹಿತದ ಬಲದ ಮೇಲೆಯೇ ಮರುದಿನ ಮತ್ತೆ ನೂರು ಬಾಣ ಬಿಡುತ್ತಿದ್ದೆ.

ಇಷ್ಟರಲ್ಲಿ ನನಗೊಂದು ಯುಕ್ತಿ ಹೊಳೆಯಿತು. ಅರ್ಜುನನು ಸವ್ಯಸಾಚಿ, ಎರಡು ಕೈಗಳಿಂದಲೂ ಬಾಣ ಬಿಡಬಲ್ಲವನು. ನಾನೇಕೆ ಕೈ ಬದಲಾಯಿಸಬಾರದು? ಬಲಗೈಯಲ್ಲಿ ಬಿಲ್ಲು ಹಿಡಿದು ಎಡಗೈಯಿಂದ ಹೆದೆಯನ್ನು ಸೆಳೆಯಲು ಎಂಟು ದಿನ ಅಭ್ಯಾಸ ಮಾಡಿದೆ. ಒಂಬತ್ತನೆಯ ದಿನ ಎರಡು ಮೊಣಕೈಗಳೂ ನೋಯತೊಡಗಿದವು. ಸವ್ಯಸಾಚಿಯಾಗುವುದರಲ್ಲಿ ನಾನು ಅಷ್ಟು ಮಟ್ಟಿಗೆ ಸಫಲನಾದೆ.

ನೋವನ್ನು ಸಹಿಸುವುದು ಶೌರ್ಯವೆಂಬ ಭ್ರಮೆಗೆ ನಮ್ಮ ಹಳೆಯ ಕಥೆಗಳೂ ಸ್ವಲ್ಪ ಕಾರಣವಿರಬಹುದು. ವಿರಾಟನಗರಕ್ಕೆ ಹೊರಟ ಅರ್ಜುನನು, ಹೆದೆಯ ತೀಟದಿಂದ ತೋಳುಗಳಲ್ಲಿ ಬಿದ್ದ ಜಡ್ಡುಗಳನ್ನು ಅಡಗಿಸುವುದು ಕಷ್ಟವೆಂದು ಬಳೆಗಳನ್ನು ತೊಟ್ಟು ಬೃಹನ್ನಳೆಯಾದ. ಆ ಜಡ್ಡುಗಳನ್ನು ನಾವು ಬಿರುದುಗಳಂತೆ ಎಣಿಸುತ್ತೇವೆ. ಆದರೆ ಅದೇ ಮಹಾಭಾರತದ ಯೋಧರು ಮುಂಗೈಗೆ ಉಡದ ಚರ್ಮದ ಪಟ್ಟಿಯನ್ನೂ ಬೆರಳಿಗೆ ರಕ್ಷೆಯನ್ನೂ ಕಟ್ಟಿಕೊಳ್ಳುತ್ತಿದ್ದರೆಂಬುದನ್ನು ಮರೆಯುತ್ತೇವೆ. ಮೈಯನ್ನು ಕಾಪಾಡಿಕೊಳ್ಳುವುದು ಅವರಿಗೆ ನಾಚಿಕೆಯ ವಿಷಯವಾಗಿರಲಿಲ್ಲ.

ಇಂಗ್ಲೆಂಡಿನಲ್ಲಿಯೂ ಇಂಥದೊಂದು ಪಾಠವಿದೆ. 1545ರಲ್ಲಿ ರೋಜರ್ ಆಸ್ಕಮ್ ಎಂಬ ವಿದ್ವಾಂಸನು ಬಿಲ್ವಿದ್ಯೆಯನ್ನು ಕೊಂಡಾಡಿ ಒಂದು ಗ್ರಂಥವನ್ನು ಪ್ರಕಟಿಸಿ ದೊರೆ ಎಂಟನೆಯ ಹೆನ್ರಿಗೆ ಒಪ್ಪಿಸಿದ. ಅದೇ ವರ್ಷ ಅದೇ ದೊರೆಯ 'ಮೇರಿ ರೋಸ್' ಎಂಬ ಯುದ್ಧನೌಕೆಯು ಸಮುದ್ರದಲ್ಲಿ ಮುಳುಗಿತು. 1982ರಲ್ಲಿ ಅದರ ಒಡಲನ್ನು ಮೇಲೆತ್ತಿದರು. ನೂರಕ್ಕೂ ಹೆಚ್ಚು ಬಿಲ್ಲುಗಳು ಅಲ್ಲಿ ದೊರೆತವು. ಅವುಗಳಲ್ಲಿ ಹಲವಕ್ಕೆ 100 ಪೌಂಡಿಗೂ ಮೀರಿದ ಸೆಳೆತವಿತ್ತೆಂದು ತಜ್ಞರ ಅಂದಾಜು. ಜೊತೆಗೆ ದೊರೆತ ಕೆಲವರ ಅಸ್ಥಿಗಳಲ್ಲಿ ಭುಜದ ಮೂಳೆಯ ತುದಿ ಕೂಡಿಕೊಳ್ಳದೆ ಬೇರೆಯಾಗಿಯೇ ಉಳಿದಿತ್ತು. ಎಳವೆಯಿಂದ ಭಾರವಾದ ಬಿಲ್ಲನ್ನು ಸೆಳೆದುದೇ ಅದಕ್ಕೆ ಕಾರಣವಿರಬೇಕೆಂದು ಸಂಶೋಧಕರು ತರ್ಕಿಸಿದ್ದಾರೆ. ಗ್ರಂಥವು ವಿದ್ಯೆಯ ಕೀರ್ತಿಯನ್ನು ಹೇಳಿತು. ಮೂಳೆಗಳು ಅದರ ಬೆಲೆಯನ್ನು ಹೇಳಿದವು.

ನಾನು ಆ ಬೆಲೆಯನ್ನು ತಿಳಿದದ್ದು ಆಗಸ್ಟ್ ತಿಂಗಳ ಒಂದು ಬೆಳಗ್ಗೆ.

ನಮ್ಮ ತಾಯಿಗೆ ಆಗ 78 ವರ್ಷ. ಅದಕ್ಕೆ ಎರಡು ವರ್ಷಗಳ ಮುಂಚೆ ಅವರಿಗೆ ಪಾರ್ಶ್ವವಾಯು ಬಡಿದಿತ್ತು. ಬಲಗೈ ಬಲಗಾಲುಗಳು ಸೋತವು; ಅದಕ್ಕಿಂತ ಮಿಗಿಲಾಗಿ ಮಾತು ಹೋಯಿತು. ನಾವು ಹೇಳಿದ್ದು ಬಹುಮಟ್ಟಿಗೆ ತಿಳಿಯುತ್ತಿತ್ತು. ಹೇಳಬೇಕೆಂದುದು ಮಾತ್ರ ನಾಲಗೆಯ ತುದಿಗೆ ಬಂದು ನಿಂತು, ಕಣ್ಣಿನಲ್ಲಿ ನೀರಾಗಿ ಇಳಿಯುತ್ತಿತ್ತು. ದಿನವೂ ಬೆಳಗ್ಗೆ ಅವರನ್ನು ಮಂಚದಿಂದ ಎತ್ತಿ ಕಿಟಕಿಯ ಬಳಿಯ ಕುರ್ಚಿಗೆ ಕೂಡಿಸುವುದು ನನ್ನ ಕೆಲಸ. ಅವರು ಹಗುರವಾದ ಜೀವ. ಆದರೆ ಸೋತ ದೇಹಕ್ಕೆ ತೂಕಕ್ಕಿಂತ ಹೆಚ್ಚಿನ ಭಾರವಿರುತ್ತದೆ.

ಹಿಂದಿನ ಸಂಜೆ ನಾನು 120 ಬಾಣಗಳನ್ನು ಬಿಟ್ಟಿದ್ದೆ. ಅಂದು ಬೆಳಗ್ಗೆ ಅಮ್ಮನ ಎರಡು ಕಂಕುಳುಗಳನ್ನೂ ಹಿಡಿದು ಎತ್ತಿದೆ. ಅರ್ಧ ದಾರಿಯಲ್ಲಿ ಎಡಗೈ, ಅಂದಿನ ಕಾಫಿಯ ಲೋಟವನ್ನು ಬಿಟ್ಟಂತೆಯೇ, ಅಮ್ಮನನ್ನು ಬಿಟ್ಟಿತು.

ದೈವ ದೊಡ್ಡದು. ನಾನು ಮಂಡಿಯನ್ನು ಅಡ್ಡಕೊಟ್ಟೆ. ಅವರು ನನ್ನ ತೊಡೆಯ ಮೇಲೆ ಜಾರಿ ಮೆಲ್ಲನೆ ನೆಲಕ್ಕೆ ಕುಳಿತರು. ಪೆಟ್ಟೇನೂ ಆಗಲಿಲ್ಲ. ನನ್ನಾಕೆ ಓಡಿಬಂದಳು. ಅಮ್ಮ ತಮ್ಮ ಕಡೆ ನೋಡಿಕೊಳ್ಳಲಿಲ್ಲ. ಚೆನ್ನಾಗಿದ್ದ ತಮ್ಮ ಎಡಗೈಯನ್ನು ಚಾಚಿ ನನ್ನ ಮೊಣಕೈಯ ನೋಯುವ ಜಾಗದ ಮೇಲೆ ಸರಿಯಾಗಿ ಬೆರಳಿಟ್ಟರು. ಎರಡು ತಿಂಗಳಿಂದ ಕಿಟಕಿಯ ಬಳಿ ಕುಳಿತು ಅವರು ಎಲ್ಲವನ್ನೂ ನೋಡಿದ್ದರು. ಹೇಳಲು ಮಾತಿರಲಿಲ್ಲ ಅಷ್ಟೆ.

ಅಂದು ರಾತ್ರಿ ನನ್ನಾಕೆ ಜಗಳವಾಡಲಿಲ್ಲ. "ಬಿಲ್ಲು ಬೇಕೋ ಅಮ್ಮ ಬೇಕೋ ಎಂದು ನಾನು ಕೇಳುವುದಿಲ್ಲ" ಎಂದಳು. "ಆದರೆ ಎರಡಕ್ಕೂ ಇರುವುದು ಅದೇ ಕೈ."

ಮರುದಿನವೇ ಮೂಳೆ ವೈದ್ಯರಲ್ಲಿಗೆ ಹೋದೆ. ಅವರು ನನ್ನ ಅಂಗೈಯನ್ನು ಕೆಳಮೊಗವಾಗಿ ಇರಿಸಿ, ಮಣಿಕಟ್ಟನ್ನು ಮೇಲಕ್ಕೆತ್ತುವಂತೆ ಹೇಳಿ, ತಾವು ಅದನ್ನು ಕೆಳಕ್ಕೆ ಒತ್ತಿದರು. ನಾನು ಕುರ್ಚಿಯಿಂದ ಮೇಲೆದ್ದೆ. "ಟೆನಿಸ್ ಎಲ್ಬೋ" ಎಂದರು.

"ನಾನು ಜನ್ಮದಲ್ಲಿ ಟೆನಿಸ್ ಆಡಿಲ್ಲವಲ್ಲ!" ಎಂದೆ.

ಅವರು ನಕ್ಕರು. ಆ ಹೆಸರಿನ ಚರಿತ್ರೆ ಸ್ವಾರಸ್ಯವಾಗಿದೆ. 1873ರಲ್ಲಿ ರುಂಗೆ ಎಂಬ ಜರ್ಮನ್ ವೈದ್ಯರು ಈ ನೋವನ್ನು ಮೊದಲು ವರ್ಣಿಸಿದ್ದು ಬರವಣಿಗೆಯ ಕಸುಬಿನ ಸಂಬಂಧದಲ್ಲಿ. ಹತ್ತು ವರ್ಷಗಳ ಅನಂತರ, 1883ರಲ್ಲಿ, ಇಂಗ್ಲೆಂಡಿನಲ್ಲಿ ಅದಕ್ಕೆ ಟೆನಿಸಿನ ಹೆಸರು ಅಂಟಿಕೊಂಡಿತು. ಗುಮಾಸ್ತರ ಆಸ್ತಿಯನ್ನು ಆಟಗಾರರು ಲಪಟಾಯಿಸಿದರೆಂದು ತಿಳಿದು, ಗುಮಾಸ್ತನಾದ ನನಗೆ ಒಂದು ಬಗೆಯ ಸಮಾಧಾನವಾಯಿತು.

ವೈದ್ಯರು ವಿಷಯವನ್ನು ಬಿಡಿಸಿ ಹೇಳಿದರು. ಮಣಿಕಟ್ಟನ್ನೂ ಬೆರಳುಗಳನ್ನೂ ಹಿಂದಕ್ಕೆ ಎತ್ತುವ ಸ್ನಾಯುಗಳೆಲ್ಲ ಒಟ್ಟುಗೂಡಿ ಮೊಣಕೈಯ ಹೊರಗಿನ ಗುಬ್ಬಿಗೆ ಅಂಟಿಕೊಂಡಿವೆ. ಮುಷ್ಟಿಯನ್ನು ಬಿಗಿದಾಗಲೆಲ್ಲ ಮಣಿಕಟ್ಟು ಬಾಗದಂತೆ ಅವು ಹಿಡಿದು ನಿಲ್ಲುತ್ತವೆ. ಅಳತೆ ಮೀರಿ ದುಡಿಸಿದರೆ ಅವುಗಳ ಕಂಡರ, ಬಾವಿಯ ಹಗ್ಗದಂತೆ, ಎಳೆ ಎಳೆಯಾಗಿ ಸವೆಯುತ್ತದೆ. ದೇಹ ಅದನ್ನು ಹೊಸೆಯಲು ತೊಡಗುತ್ತದೆ, ನಾವು ಹೊಸೆಯಗೊಡುವುದಿಲ್ಲ. ಹಿಂದೆ ಇದನ್ನು ಬರಿಯ ಉರಿಯೂತವೆಂದು ಎಣಿಸುತ್ತಿದ್ದರು. ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆ ಇದು ಹೆಚ್ಚಾಗಿ ಸವೆತ ಮತ್ತು ಅರೆಬರೆ ದುರಸ್ತಿಯ ಕಥೆಯೆಂದು ತಿಳಿದುಬಂತು.

ನನ್ನ ಮನಸ್ಸು ಇನ್ನೂ ಡಿಸೆಂಬರಿನಲ್ಲಿಯೇ ಇತ್ತು. "ಒಂದು ಇಂಜೆಕ್ಷನ್ ಕೊಟ್ಟುಬಿಡಿ ಡಾಕ್ಟ್ರೆ, ಪಂದ್ಯ ಮುಗಿದ ಮೇಲೆ ನೀವು ಹೇಳಿದಂತೆ ಕೇಳುತ್ತೇನೆ" ಎಂದೆ.

"ಕೊಡಬಹುದು. ಕೆಲವು ವಾರ ನೋವು ಮಾಯವಾಗುತ್ತದೆ. ಆಮೇಲೆ?" ಎಂದು ಕೇಳಿ ಅವರು ಆಸ್ಟ್ರೇಲಿಯದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ವಿವರಿಸಿದರು. ಸ್ಟೀರಾಯ್ಡ್ ಚುಚ್ಚಿಸಿಕೊಂಡವರು ಮೊದಲ ಕೆಲವು ವಾರ ಹಾಯಾಗಿದ್ದರು. ವರ್ಷ ಕಳೆಯುವ ಹೊತ್ತಿಗೆ, ಬರಿಯ ಹುಸಿಮದ್ದು ಚುಚ್ಚಿಸಿಕೊಂಡವರಿಗಿಂತ ಅವರಲ್ಲಿ ಗುಣವಾದವರೇ ಕಡಿಮೆ, ನೋವು ಮರುಕಳಿಸಿದವರೇ ಹೆಚ್ಚು. "ಇದು ಸಾಲ ತೆಗೆದ ಹಾಗೆ. ಬಡ್ಡಿಯ ವಿಷಯ ನಿಮಗೆ ನಾನು ಹೇಳಬೇಕೆ?" ಎಂದರು.

ಬ್ಯಾಂಕಿನವನಿಗೆ ಆ ಒಂದು ಮಾತು ಸಾಕಾಯಿತು. ಮೂರು ತಿಂಗಳು ಬಿಲ್ಲು ಮುಟ್ಟಕೂಡದೆಂದು ತೀರ್ಪಾಯಿತು. ಡಿಸೆಂಬರಿನ ಪಂದ್ಯ ಕೈಬಿಟ್ಟುಹೋಯಿತು. ಮನೆಗೆ ಬಂದು ಹೆದೆಯನ್ನು ಇಳಿಸಿ ಬಿಲ್ಲನ್ನು ಬೀರುವಿನ ಮೇಲಿಟ್ಟಾಗ, ಮದುವೆಯ ವಯಸ್ಸಿನ ಮಗಳಿರುವ ನಾನು ಮಗುವಿನಂತೆ ಮುಖ ಸಣ್ಣದು ಮಾಡಿಕೊಂಡೆನೆಂದು ಒಪ್ಪಿಕೊಳ್ಳಲು ಈಗ ನಾಚಿಕೆಯಿಲ್ಲ.

ವೈದ್ಯರು ನನ್ನನ್ನು ವ್ಯಾಯಾಮ ಚಿಕಿತ್ಸೆಗೆ ಕಳುಹಿಸಿದರು. ಅಲ್ಲಿಯ ಬೆಂಚಿನ ಮೇಲೆ ನನ್ನಂತೆಯೇ ಮೊಣಕೈ ಹಿಡಿದು ಕುಳಿತವರು ಐದಾರು ಮಂದಿ. ಅವರಲ್ಲಿ ಬಿಲ್ಗಾರನೊಬ್ಬನೂ ಇರಲಿಲ್ಲ. ಒಬ್ಬಾಕೆ ಹೊಲಿಗೆಯವರು, ಒಬ್ಬ ಬಡಗಿ, ಒಬ್ಬರು ಹೋಟೆಲಿನಲ್ಲಿ ದೋಸೆ ಹೊಯ್ಯುವವರು, ಉಳಿದವರು ಗೃಹಿಣಿಯರು. ಬಟ್ಟೆ ಹಿಂಡಿ, ಚಪಾತಿ ಲಟ್ಟಿಸಿ, ಕುಕ್ಕರು ಎತ್ತಿ ಕೈ ಸೋತವರು. ನನ್ನ ವೀರಗಾಯದ ಹೆಮ್ಮೆ ಆ ಬೆಂಚಿನ ಮೇಲೆಯೇ ಕರಗಿತು. ಮನೆಗೆ ಬಂದು ಇದನ್ನು ಹೇಳಿದಾಗ ನನ್ನಾಕೆ ಸಾರಿಗೆ ಒಗ್ಗರಣೆ ಹಾಕುತ್ತ, "ನನಗೂ ಇತ್ತು. ನಾಲ್ಕು ವರ್ಷದ ಹಿಂದೆ, ಎಂಟು ತಿಂಗಳು" ಎಂದಳು.

"ನನಗೆ ಹೇಳಲೇ ಇಲ್ಲವಲ್ಲ!"

"ಹೇಳಿದ್ದೆ. ನೀವು ಬಾಣಕ್ಕೆ ಗರಿ ಅಂಟಿಸುತ್ತಿದ್ದಿರಿ."

ಓದುಗರು ಇಲ್ಲಿ ನನ್ನನ್ನು ಎಷ್ಟು ಬೈದುಕೊಂಡರೂ ನ್ಯಾಯವೇ. ಅಂದಿನಿಂದ ನಮ್ಮ ಮನೆಯಲ್ಲಿ ಕುಕ್ಕರು ಇಳಿಸುವ ಅಧಿಕಾರ ಬದಲಾಗಬೇಕಿತ್ತು. ಆದರೆ ನನ್ನ ಕೈಯೇ ನಡೆಯದಿದ್ದುದರಿಂದ ಆ ಹೊಣೆಯನ್ನು ಮಗಳು ವಹಿಸಿಕೊಂಡಳು. ಹಿಂಡುವ ಬಟ್ಟೆಗಳು ಕಡಿಮೆಯಾದವು.

ವ್ಯಾಯಾಮ ಕಲಿಸಿದ ಹುಡುಗಿಗೆ ನನ್ನ ಮಗಳ ವಯಸ್ಸು. "ಅಂಕಲ್, ಪೂರ್ತಿ ಸುಮ್ಮನಿದ್ದರೂ ವಾಸಿಯಾಗೋಲ್ಲ, ಜೋರು ಮಾಡಿದರೂ ವಾಸಿಯಾಗೋಲ್ಲ" ಎಂದು ಆರಂಭಿಸಿದಳು. ಕ್ರಮ ಸರಳವಾದದ್ದು. ಮೇಜಿನ ಮೇಲೆ ಮುಂಗೈಯನ್ನು ಊರಿ, ಅಂಗೈ ಕೆಳಮೊಗವಾಗಿ, ಮಣಿಕಟ್ಟು ಮೇಜಿನ ಅಂಚಿನಿಂದ ಆಚೆಗೆ ಬರುವಂತೆ ಕೂಡಬೇಕು. ನೀರು ತುಂಬಿದ ಅರ್ಧ ಲೀಟರಿನ ಬಾಟಲಿಯನ್ನು ಹಿಡಿದು, ಇನ್ನೊಂದು ಕೈಯ ಸಹಾಯದಿಂದ ಮಣಿಕಟ್ಟನ್ನು ಮೇಲಕ್ಕೆತ್ತಿ, ಆ ಸಹಾಯವನ್ನು ಬಿಟ್ಟು, ಬಾಟಲಿಯನ್ನು ಅತಿ ಮೆಲ್ಲಗೆ ಕೆಳಗಿಳಿಸಬೇಕು. ಏರಿಸುವುದರಲ್ಲಿ ಅಲ್ಲ, ಇಳಿಸುವುದರಲ್ಲಿ ಗುಣವಿದೆ. ಹದಿನೈದು ಸಲಕ್ಕೆ ಒಂದು ಸರದಿ; ದಿನಕ್ಕೆ ಮೂರು ಸರದಿ. ಸಣ್ಣ ನೋವಿಗೆ ಹೆದರಬೇಕಾಗಿಲ್ಲ. ಮರುದಿನವೂ ಉಳಿಯುವ ನೋವಾದರೆ ಭಾರವನ್ನು ಇಳಿಸಬೇಕು. ಇನ್ನೊಂದು ಮಾತು: ಯಾವ ವಸ್ತುವನ್ನೂ ಅಂಗೈ ಕೆಳಗೆ ಮಾಡಿ ಎತ್ತಬಾರದು. ಅಂಗೈ ಮೇಲಾಗಿರಲಿ, ಮೊಣಕೈ ಮೈಗೆ ಹತ್ತಿರವಿರಲಿ.

ನಾನು ಈ ವ್ಯಾಯಾಮಕ್ಕೆ ಕೂಡುತ್ತಿದ್ದುದು ಅಮ್ಮನ ಕುರ್ಚಿಯ ಎದುರಿಗೆ. ಅವರಿಗೂ ತಮ್ಮದೇ ವ್ಯಾಯಾಮವಿತ್ತು. ಎಡಗೈಯಿಂದ ಬಲಗೈಯನ್ನು ಹಿಡಿದು ಮೇಲಕ್ಕೆತ್ತಬೇಕು. ಎರಡು ವರ್ಷಗಳಲ್ಲಿ ಅವರು ಅದರಿಂದ ಬೇಸತ್ತು ಹೆಚ್ಚುಕಡಿಮೆ ಬಿಟ್ಟೇಬಿಟ್ಟಿದ್ದರು. ಎದುರಿಗೆ ಮಗನೂ ಅದೇ ಪಾಡು ಪಡುವುದನ್ನು ಕಂಡು, ಹುರುಪು ಬಂತೋ ಕನಿಕರ ಬಂತೋ ಕಾಣೆ, ಅವರೂ ಮತ್ತೆ ಕೈಯನ್ನು ಎತ್ತತೊಡಗಿದರು.

ಒಂದು ದಿನ ನಾನು ಬಾಟಲಿಯನ್ನು ಇಳಿಸುತ್ತ ಗಟ್ಟಿಯಾಗಿ "ಒಂದು... ಎರಡು..." ಎಂದು ಎಣಿಸುತ್ತಿದ್ದೆ. ಮೂರಕ್ಕೆ ಬಂದಾಗ ಸೀನು ಬಂದು ತಡೆದೆ. ಎದುರಿನಿಂದ, ಸ್ವಲ್ಪ ತೊದಲಿದರೂ ಸ್ಪಷ್ಟವಾಗಿ, "ಮೂರು" ಎಂಬ ಸ್ವರ ಕೇಳಿಸಿತು. ಬಾಟಲಿ ನನ್ನ ಕೈಯಿಂದ ಜಾರಿತು. ಈ ಸಲ ಅದಕ್ಕೆ ನೋವು ಕಾರಣವಾಗಿರಲಿಲ್ಲ.

"ನಾಲ್ಕು" ಎಂದರು ಅಮ್ಮ. "ಐದು... ಆರು..." ಹತ್ತಕ್ಕೆ ಬಂದರು, ಹದಿನೈದಕ್ಕೆ ಬಂದು ನಿಂತರು.

ವೈದ್ಯರಿಗೆ ಹೇಳಿದಾಗ ಅವರು ಅಷ್ಟೇನೂ ಬೆರಗಾಗಲಿಲ್ಲ. ಮಿದುಳಿಗೆ ಪೆಟ್ಟು ಬಿದ್ದು ಮಾತು ಹೋದವರಲ್ಲಿಯೂ, ಎಳವೆಯಲ್ಲಿ ಬಾಯಿಪಾಠವಾಗಿ ಕುಳಿತ ಎಣಿಕೆ, ವಾರದ ಹೆಸರುಗಳು, ಹಾಡುಗಳು ಹಲವು ವೇಳೆ ಉಳಿದಿರುತ್ತವೆಯಂತೆ. ಯಾರಾದರೂ ಆರಂಭಿಸಿಕೊಟ್ಟರೆ ಅವು ತಾವಾಗಿ ಹರಿದುಬರುತ್ತವೆ. ಎರಡು ವರ್ಷಗಳಲ್ಲಿ ನಾವು ಅವರನ್ನು "ಊಟ ಬೇಕೆ? ನೋವಿದೆಯೆ?" ಎಂದು ಕೇಳಿದ್ದೆವೇ ಹೊರತು, ಅವರ ಎದುರು ಕುಳಿತು ಒಂದರಿಂದ ಹದಿನೈದರವರೆಗೆ ಎಣಿಸಿದವರು ಯಾರೂ ಇರಲಿಲ್ಲ. ನನ್ನ ಮೊಣಕೈ ಕೆಡದಿದ್ದರೆ ಆ ಸ್ವರವು ಒಳಗೇ ಉಳಿಯುತ್ತಿತ್ತೋ ಏನೋ.

ಅಂದಿನಿಂದ ನನ್ನ ವ್ಯಾಯಾಮದ ಎಣಿಕೆ ಅಮ್ಮನ ಪಾಲಾಯಿತು. ಅವರ ಎಣಿಕೆ ನಿಧಾನ. ನಾನು ಅವಸರದಿಂದ ಬಾಟಲಿಯನ್ನು ಇಳಿಸಿದರೆ ಆ ಸಲವನ್ನು ಲೆಕ್ಕಕ್ಕೆ ಸೇರಿಸದೆ ಸುಮ್ಮನಾಗುತ್ತಿದ್ದರು. ಚಿಕ್ಕಂದಿನಲ್ಲಿ ಮಗ್ಗಿಯನ್ನು ಒಪ್ಪಿಸುವಾಗಲೂ ಹೀಗೆಯೇ ಇತ್ತು.

ನವೆಂಬರಿನಲ್ಲಿ ಮೇಷ್ಟ್ರು ಮನೆಗೆ ಬಂದರು. ಕೈಯಲ್ಲಿ ಮಕ್ಕಳು ಬಳಸುವ 22 ಪೌಂಡಿನ ಬಿಲ್ಲು. ಅದನ್ನು ಕಂಡು ನನಗೆ ಅವಮಾನವಾಯಿತು. "ಸ್ವಾಮಿ, ಬಿಲ್ಲು ಚಿಕ್ಕದಾದರೆ ಬಿಲ್ಗಾರ ಚಿಕ್ಕವನಾಗುವುದಿಲ್ಲ. ಎಲ್ಲಿ, ಹಿಡಿಯಿರಿ" ಎಂದರು. ಹಿಡಿದೆ. ನನ್ನ ಬೆರಳ ಗಿಣ್ಣುಗಳನ್ನು ನೋಡಿ ಅವರು ತಲೆಯಾಡಿಸಿದರು. "ಇದೇ ನೋಡಿ ರೋಗ. ಇಷ್ಟು ಬಿಗಿಯಾಗಿ ಏಕೆ ಅದುಮುತ್ತೀರಿ?"

"ಬಿದ್ದುಹೋದರೆ?"

"ಹೆದೆಯನ್ನು ಸೆಳೆದಿರುವಾಗ ಅದು ನಿಮ್ಮ ಅಂಗೈಯನ್ನೇ ಒತ್ತಿಕೊಂಡಿರುತ್ತದೆ, ಬೀಳುವುದು ಹೇಗೆ? ಬಿಲ್ಲನ್ನು ಹಿಡಿಯಬೇಡಿ, ಅದಕ್ಕೆ ಒರಗಲು ಜಾಗ ಕೊಡಿ. ಬಾಣ ಹೋದ ಮೇಲೆ ಬಿದ್ದೀತೆಂಬ ಭಯವಿದ್ದರೆ ಅದಕ್ಕೂ ಉಪಾಯವುಂಟು" ಎಂದು ಬೂಟಿನ ಲೇಸೊಂದನ್ನು ತೆಗೆದು ನನ್ನ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ, ಬಿಲ್ಲಿನ ಮುಂದಿನಿಂದ ಬಳಸಿ, ಸಡಿಲವಾದ ಕುಣಿಕೆ ಹಾಕಿದರು. ಇನ್ನೆರಡು ದೋಷಗಳನ್ನೂ ತೋರಿಸಿದರು. ಎಡತೋಳನ್ನು ಕಂಬದಂತೆ ಸೆಟೆಸಿ ಮೊಣಕೈಗೆ ಬೀಗ ಹಾಕುತ್ತಿದ್ದೆ. ಅದನ್ನು ಒಂದಿಷ್ಟು ಹೊರಕ್ಕೆ ತಿರುಗಿಸಿ ಸಡಿಲವಾಗಿಡಬೇಕು. ಸೆಳೆಯುವ ಬಲ ತೋಳಿನಿಂದಲ್ಲ, ಬೆನ್ನಿನಿಂದ ಬರಬೇಕು. ಎರಡು ಹೆಗಲ ಹಲಗೆಗಳು ಒಂದನ್ನೊಂದು ಸಮೀಪಿಸಬೇಕು. ಒಂಬತ್ತು ವರ್ಷಗಳಿಂದ ಅವರು ಇದನ್ನೇ ಹೇಳುತ್ತಿದ್ದರು. ಕೈ ಗಟ್ಟಿಯಾಗಿದ್ದಾಗ ಕಿವಿಗೆ ಬೀಳದ ಪಾಠ, ಕೈ ಸೋತಾಗ ಬಿತ್ತು.

ಮರುದಿನ ಬೆಳಗ್ಗೆ ಅಮ್ಮನನ್ನು ಎತ್ತುವಾಗ ಈ ಪಾಠವೇ ನೆನಪಾಯಿತು. ಅದುವರೆಗೆ ನಾನು ಅವರನ್ನೂ ಬಿದ್ದುಹೋದಾರೆಂಬ ಭಯದಿಂದ ಬೆರಳುಗಳಿಂದ ಅದುಮಿ ಹಿಡಿಯುತ್ತಿದ್ದೆ. ಅಂದು ಮಂಡಿ ಬಾಗಿಸಿ, ಹತ್ತಿರಕ್ಕೆ ಬಗ್ಗಿ, ಅಂಗೈಗಳನ್ನು ಮೇಲ್ಮುಖವಾಗಿ ಅವರ ಬೆನ್ನಿಗೆ ಕೊಟ್ಟು, ಅವರ ಎಡಗೈಯನ್ನು ನನ್ನ ಹೆಗಲಿಗೆ ಬಳಸಿಸಿ, ಕಾಲಿನ ಬಲದಿಂದ ಎದ್ದೆ. ಮೊಣಕೈ ನೋಯಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಪ್ರತಿದಿನ ಎತ್ತುವಾಗ ಅವರ ಮುಖದಲ್ಲಿ ಕಾಣುತ್ತಿದ್ದ ಒಂದು ಸಣ್ಣ ಸುಕ್ಕು ಅಂದು ಕಾಣಲಿಲ್ಲ. ಎರಡು ವರ್ಷ ನನ್ನ ಬಿಗಿ ಹಿಡಿತದಿಂದ ಅವರಿಗೂ ನೋವಾಗುತ್ತಿತ್ತೆಂದು ಆಗ ತಿಳಿಯಿತು.

ಡಿಸೆಂಬರಿನ ಪಂದ್ಯಕ್ಕೆ ಹೋದೆ, ಅಂಕಗಳನ್ನು ಬರೆಯುವವನಾಗಿ. ಪದಕ ಬೇರೆಯವರ ಕೊರಳಿಗೆ ಬಿತ್ತು. ಹೊಟ್ಟೆಕಿಚ್ಚಾಗಲಿಲ್ಲವೆಂದರೆ ಮತ್ತೊಂದು ಸುಳ್ಳಾಗುತ್ತದೆ.

ಕೈ ಪೂರ್ತಿ ಗುಣವಾಗಲು ಹತ್ತು ತಿಂಗಳು ಹಿಡಿಯಿತು. 22 ಪೌಂಡಿನ ಬಿಲ್ಲಿನಿಂದ ಆರಂಭಿಸಿ, ಮೊದಲ ವಾರ ದಿನಕ್ಕೆ 12 ಬಾಣ, ದಿನ ಬಿಟ್ಟು ದಿನ. ಈಗ 28 ಪೌಂಡಿನಲ್ಲಿ ನಿಂತಿದ್ದೇನೆ. ದೂರ 30 ಮೀಟರು, ಬಾಣಗಳು 40. ವಯನಾಡಿನ ಬಿಲ್ಲನ್ನು ಮೇಷ್ಟ್ರ ಬಳಿ ಕಲಿಯುವ ಒಬ್ಬ ಹುಡುಗನಿಗೆ ಕೊಟ್ಟೆ. ಅವನ ಕೈಯಲ್ಲಿ ಅದು ಹಾಡುತ್ತದೆ.

ಭಾನುವಾರಗಳಲ್ಲಿ ಅಮ್ಮನನ್ನೂ ಗಾಲಿಕುರ್ಚಿಯಲ್ಲಿ ಮೈದಾನಕ್ಕೆ ಕರೆದೊಯ್ಯುತ್ತೇವೆ. ಬೇವಿನ ಮರದ ನೆರಳಿನಲ್ಲಿ ಕುಳಿತು ಅವರು ಬಾಣಗಳನ್ನು ಎಣಿಸುತ್ತಾರೆ. ಅವರ ಮಾತು ಮರಳಿತೆಂದು ಓದುಗರು ಭಾವಿಸಬಾರದು. ಎಣಿಕೆ ಬಂದಿದೆ, ವಾರದ ಹೆಸರುಗಳು ಬಂದಿವೆ, ಮೊಮ್ಮಗಳು ಎತ್ತಿಕೊಟ್ಟರೆ ಒಂದು ದೇವರನಾಮದ ಪಲ್ಲವಿ ಬರುತ್ತದೆ. ಅಷ್ಟೆ.

ಕಳೆದ ತಿಂಗಳ ಒಂದು ಭಾನುವಾರ ಬಾಣಗಳು ಚೆನ್ನಾಗಿ ಬೀಳುತ್ತಿದ್ದವು. ಮೂವತ್ತೆಂಟು, ಮೂವತ್ತೊಂಬತ್ತು, ನಲವತ್ತು. ಗಾಳಿಯಿರಲಿಲ್ಲ, ಕೈ ಹಗುರವಾಗಿತ್ತು. ಇನ್ನು ಹತ್ತು ಬಿಟ್ಟರೆ ಏನಾದೀತು ಎಂಬ ಹಳೆಯ ಆಸೆ ತಲೆಯೆತ್ತಿತು. ನಲವತ್ತೊಂದನೆಯ ಬಾಣವನ್ನು ಹೆದೆಗೆ ಸೇರಿಸಿ, ಎಣಿಕೆ ಬರಲೆಂದು ಕಾದೆ. ಎಣಿಕೆ ಬರಲಿಲ್ಲ. ತಿರುಗಿ ನೋಡಿದೆ. ಅಮ್ಮ ನನ್ನ ಮೊಣಕೈಯನ್ನೇ ನೋಡುತ್ತಿದ್ದರು. ತುಟಿಗಳು ಬಹಳ ಹೊತ್ತು ಅಲುಗಿದವು.

"ಸಾಕು" ಎಂದರು.

ಬಾಣವನ್ನು ಬತ್ತಳಿಕೆಗೆ ಹಾಕಿ, ಹೆದೆಯನ್ನು ಇಳಿಸಿದೆ.